ಲಿಂಡ್ನರ್ ಮನೆ

ಅಮ್ಮಾ,

ವಿಳಾಸದಲ್ಲಿ ಇನ್ನು ‘ಪೆನ್ರೋಸ್ ಮನೆ’ ಎಂದು ಬರೆಯಬೇಡ, ‘ಲಿಂಡ್ನರ್ ಮನೆ’ ಎಂದು ಬರಿ. ನಾವು ಇದನ್ನು ಕೊಂಡು ಎರಡು ಸುಗ್ಗಿ ಕಳೆದರೂ ಊರಿನವರ ಬಾಯಲ್ಲಿ ಇದು ಹಳೆಯ ಒಡೆಯ ಲಿಂಡ್ನರನದೇ. ನಿನ್ನ ಕಾಗದ ಮತ್ತೆ ಎಲ್ಲೆಲ್ಲೋ ಸುತ್ತಿ ಬಂದಾಗ ಅಂಚೆಮನೆಯ ಬೆರಿಲ್ ಅವರ ಮೇಲೆ ರೇಗಿಬಿಟ್ಟೆ: “ನಮ್ಮ ಹೆಸರಲ್ಲಿ ಕರೆಯೋದು ಇನ್ಯಾವಾಗ್ರೀ?”

ಅವರು ಸ್ಟಾಂಪು ನೆಕ್ಕುತ್ತಲೇ ಹೇಳಿದರು: “ಅದಕ್ಕೇನಮ್ಮಾ, ಮಾರಿ ಹೊರಟುಬಿಡಿ. ಮಾರನೇ ದಿನದಿಂದ್ಲೇ ಅದು ಪೆನ್ರೋಸ್ ಮನೆ!”

ಕೇಳಿ ನಿನ್ನ ಅಳಿಯ ಕ್ಲೈವ್ ಬಿದ್ದು ಬಿದ್ದು ನಕ್ಕ. ಅವನ ಕೆಮ್ಮು ವಾಸಿಯಾಗಿದೆ. ಗೋಧಿ ಮೊಣಕಾಲುದ್ದ ಬಂದಿದೆ, ಕಾಂಗರೂಗಳಿಗೂ ರುಚಿಸಿದೆ. ಈ ಮನೆಗೆ ನಮ್ಮ ಹೆಸರು ಬರುವುದೇ ಬೇಡ ಎಂದು ಇಬ್ಬರೂ ತೀರ್ಮಾನಿಸಿದ್ದೇವೆ.

ಅಂಚೆ ವ್ಯಾನು ಹಾರ್ನ್ ಹೊಡೆಯುತ್ತಿದೆ.

ನಿನ್ನ ಹೇಝೆಲ್,
ಲಿಂಡ್ನರ್ ಮನೆ