ಹಿಂಡಲ್ ಅಜ್ಜಿಯ ಮೇಲಿನ ಕಿಟಕಿ

ಬರ್ನ್‌ಲಿ,
ನವೆಂಬರ್ 9, 2010

ಪ್ರೀತಿಯ ತಮ್ಮ ಡೆನ್ಸಿಲ್‌ಗೆ,

ಸೊಂಟದ ನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಲು ಆಗುತ್ತಿದೆಯೇ? ವಿಟ್ಬಿಯ ಸಮುದ್ರದ ಗಾಳಿ ಈಗ ನಿನಗೆ ಒಗ್ಗಿರಬೇಕು. ನಾನು ಚೆನ್ನಾಗಿದ್ದೇನೆ. ಕತ್ತೊಂದು ಹಿಡಿದುಕೊಂಡಿದೆ, ಅಷ್ಟೇ.

ಕಿಟಕಿ ತೊಳೆಯುವಾಗ ನೀನು ಏಣಿಯಿಂದ ಬಿದ್ದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ "ಏಣಿ ಬಿಡು ಅಣ್ಣ, ಇಬ್ರೂ ಕುಂಟರಾಗೋದು ಬೇಡ" ಎನ್ನುತ್ತಿದ್ದೆಯಲ್ಲ, ಏಪ್ರಿಲ್‌ನಲ್ಲಿ ಬಿಟ್ಟೆ. ಈಗ ಕಿಟಕಿ ತೊಳೆಯುವುದೆಲ್ಲ ನೆಲದ ಮೇಲೆ ನಿಂತೇ. ವ್ಯಾನಿನಲ್ಲಿ ಒರೆಸದಿದ್ದರೂ ಕಲೆ ಬಿಡದೆ ಒಣಗುವ ಶುದ್ಧ ನೀರಿನ ಟ್ಯಾಂಕು, ಉದ್ದನೆಯ ಕೋಲು, ಅದರ ತುದಿಗೆ ನೀರು ಚಿಮ್ಮುವ ಬ್ರಷ್. ಮೊದಲು ತಂದ ಅಗಲದ ಬ್ರಷ್ ನೀರು ಕುಡಿದು ಎಷ್ಟು ಭಾರವಾಗುತ್ತಿತ್ತೆಂದರೆ, ಸಂಜೆ ಚಮಚ ಎತ್ತಲೂ ಕೈ ಬರುತ್ತಿರಲಿಲ್ಲ. ಅದನ್ನು ಹಿಂತಿರುಗಿಸಿ, ಅಂಗಡಿಯಲ್ಲಿ ಒಂದೊಂದನ್ನೂ ಕೋಲಿಗೆ ಸಿಕ್ಕಿಸಿ ಅವರ ಕಿಟಕಿಯ ಮೇಲೇ ಉಜ್ಜಿ ನೋಡಿದೆ. ಮೆತ್ತನೆಯದು ಹಕ್ಕಿಯ ಹಿಕ್ಕೆಯನ್ನು ಸುಮ್ಮನೆ ಸವರುತ್ತಿತ್ತು, ಬಿರುಸಿನದು ಗಾಜಿನ ಮೇಲೆ ಜಾರುತ್ತಲೇ ಇರಲಿಲ್ಲ. ಕೊನೆಗೆ ನಡುವೆ ಬಿರುಸು, ಅಂಚಿಗೆ ಮೆತ್ತಗಿರುವ ಚಿಕ್ಕದೊಂದನ್ನು ಆರಿಸಿದೆ. ಆದರೂ ಮೊದಲ ತಿಂಗಳೆಲ್ಲ ಬೈಗುಳವೇ. ಚೌಕಟ್ಟನ್ನು ಮೊದಲು ತೊಳೆದುಕೊಳ್ಳಬೇಕೆಂದು ತಿಳಿಯದೆ ಅದರ ಕೊಳೆಯೆಲ್ಲ ಗಾಜಿಗಿಳಿದು ಕಲೆಯಾಗುತ್ತಿತ್ತು. "ಒರೆಸ್ದೇ ಹೊರಟ್ಯಲ್ಲಪ್ಪಾ, ಇಷ್ಟನ್ನ ಮಳೇನೇ ಪುಕ್ಕಟೆ ಮಾಡುತ್ತೆ" ಎಂದು ಬೇಕರಿಯ ಯಜಮಾನತಿ ಬೀದಿಗೆಲ್ಲ ಕೇಳುವಂತೆ ಹೀಯಾಳಿಸಿದಳು.

ನಮ್ಮ ಹಳೆಯ ಗಿರಾಕಿ, ನಿನ್ನ ಹಿಂಡಲ್ ಅಜ್ಜಿಗೆ ಮಾತ್ರ ಕಲೆಯ ಚಿಂತೆ ಇರಲಿಲ್ಲ. ದಿನವಿಡೀ ಮೇಲಿನ ಕೋಣೆಯಲ್ಲಿ ಒಬ್ಬಳೇ ಕೂತಿರುತ್ತಿದ್ದವಳು, ಏಣಿಯ ಮೇಲೆ ನಿನ್ನ ತಲೆ ಕಂಡರೆ ಸಾಕು, ಗಾಜಿನಾಚೆಯಿಂದಲೇ ಜಗಳ ತೆಗೆಯುತ್ತಿದ್ದಳಲ್ಲ. ಹೊಸ ಬ್ರಷ್ ಕಂಡ ದಿನ ಕಷ್ಟಪಟ್ಟು ಕೆಳಗಿಳಿದು ಬಂದು, "ತಿಂಗಳಿಗೊಂದು ಸಲ ಮುಖ ನೋಡ್ತಿದ್ದೆ. ಇನ್ಮೇಲೆ ಪೊರಕೆ ನೋಡ್ಬೇಕಾ?" ಎಂದಳು. ನಾನು ನಕ್ಕೆ. ಕೆಲಸ ಅರ್ಧ ಹೊತ್ತಿನಲ್ಲೇ ಮುಗಿಯುತ್ತಿತ್ತು. ಬಾಗಿಲಿಗೆ 'ತೊಳೆದಾಯಿತು' ಎಂಬ ಚೀಟಿ ಸಿಕ್ಕಿಸಿ ಮುಂದಿನ ಮನೆಗೆ ಹೋಗಿಬಿಡುತ್ತಿದ್ದೆ.

ಹೋದ ತಿಂಗಳು ಹತ್ತೊಂಬತ್ತು, ಮಂಗಳವಾರ, ಅವಳ ಕಿಟಕಿ ತೊಳೆದೆ. ಗುರುವಾರ ಅವಳ ತಂಗಿಯ ಮಗಳು ಬಂದು ನೋಡಿದಾಗ ಅಜ್ಜಿ ಮಂಚಕ್ಕೂ ಕಿಟಕಿಗೂ ನಡುವೆ ಬಿದ್ದಿದ್ದಳು. ಬಿದ್ದದ್ದು ಸೋಮವಾರ, ಜೀವ ಹೋದದ್ದು ಬುಧವಾರ ಎಂದರಂತೆ ಡಾಕ್ಟರು. ಏಣಿ ಹತ್ತಿದ್ದರೆ ನನ್ನ ಕಣ್ಣಿಗೆ ಬೀಳುತ್ತಿದ್ದಳು. ಮಣ್ಣು ಮಾಡಿದ ದಿನ ಆ ಹೆಣ್ಣುಮಗಳು ನನ್ನ ಕೈಗೆ ಸ್ಯಾಂಡ್‌ವಿಚ್ ಕೊಟ್ಟು, "ನಿಮಗೆ ಹೇಗೆ ಗೊತ್ತಾಗ್ಬೇಕು, ನೀವು ಕೆಳಗಿದ್ರಿ" ಎಂದಳು. ಎಲ್ಲರೂ ಹಾಗೆಯೇ ಹೇಳುತ್ತಾರೆ. ನಾನೂ ತಲೆಯಾಡಿಸುತ್ತೇನೆ.

ನಿನ್ನನ್ನು ದೂರುತ್ತಿಲ್ಲ ತಮ್ಮಾ. ನಿನ್ನ ಮಾತು ಕೇಳಿದ್ದರಿಂದ ನನ್ನ ಮೂಳೆಗಳು ನೆಟ್ಟಗಿವೆ. ಚಳಿಯಲ್ಲಿ ಹೊರಗೆ ತಿರುಗಬೇಡ. ಮಗಳಿಗೆ, ಮೊಮ್ಮಕ್ಕಳಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಅಣ್ಣ,
ರೋಲಂಡ್

ವಿ.ಸೂ.: ಇದನ್ನು ಯಾರಿಗೂ ಓದಿ ಹೇಳಬೇಡ. ಆ ಮಂಗಳವಾರ ಮೇಲಿಂದ ಸದ್ದು ಬಂದಿತ್ತು. ಟಕ್, ಟಕ್, ಟಕ್. ಬ್ರಷ್ಷೇ ಚೌಕಟ್ಟಿಗೆ ತಾಗುತ್ತಿದೆ ಎಂದುಕೊಂಡೆ. ಆದರೆ ಆಗ ನಾನು ಕೊನೆಯ ನೀರು ಹಾಯಿಸುತ್ತಿದ್ದೆ. ಬ್ರಷ್ಷನ್ನು ಗಾಜಿನಿಂದ ಒಂದು ಗೇಣು ದೂರ ಎತ್ತಿ ಹಿಡಿದಿದ್ದೆ, ಡೆನ್ಸಿಲ್.