ತಂಗಿಯ ಕೈಗೆ ಮೈಕು

ಮಾರ್ಚ್ ೧೪, ಶುಕ್ರವಾರ. ಹೊರಟು ಹನ್ನೊಂದನೇ ದಿನ.

ತಂಗಿ ಹೇಳಿದ ಮಾತು ಇನ್ನೂ ಚುಚ್ಚುತ್ತಿದೆ. ನೂಲಿನ ಗಿರಣಿಯ ಅಂಗಳದಲ್ಲಿ ನಾನು ಮೈಕು ಹಿಡಿದು, ಸ್ನಾಯು ಸೊರಗುವ ಅವಳ ಕಾಯಿಲೆಯ ಬಗ್ಗೆ, ಅದರ ಸಂಶೋಧನೆಗೆ ಹಣ ಕೂಡಿಸಲು ನಾವಿಬ್ಬರೂ ಬೈಕಿನಲ್ಲಿ ಹೊರಟಿರುವ ಬಗ್ಗೆ ಎಂದಿನಂತೆ ಜನ ಕಣ್ಣೊರೆಸಿಕೊಳ್ಳುವ ಹಾಗೆ ಹೇಳುತ್ತಿದ್ದೆ. ನಾನೇ ವೆಲ್ಡಿಂಗ್ ಮಾಡಿ ಜೋಡಿಸಿದ ಸೈಡ್‌ಕಾರಿನಲ್ಲಿ ಕೂತಿದ್ದವಳು ಕೈ ಚಾಚಿದಳು.

"ಅಣ್ಣಾ, ಸಾಕು. ನಾನಿನ್ನೂ ಬದುಕಿದೀನಿ. ಮೈಕು ಇಲ್ಲಿ ಕೊಡು."

ಎಲ್ಲರೆದುರು ಮುಖಕ್ಕೆ ಹೊಡೆದ ಹಾಗಾಯಿತು. ಕೊಟ್ಟೆ.

ಅವಳು ಅಳಲಿಲ್ಲ, ಯಾರನ್ನೂ ಅಳಿಸಲೂ ಇಲ್ಲ. ಕಾಲು ಹೇಗೆ ಮಾತು ಕೇಳುವುದನ್ನು ಬಿಟ್ಟಿತು, ಪ್ರಯೋಗಾಲಯದವರು ಏನು ಹುಡುಕುತ್ತಿದ್ದಾರೆ, ಎಲ್ಲವನ್ನೂ ಮನೆಯಲ್ಲಿ ಮಾತಾಡುವ ಹಾಗೇ ಹೇಳಿದಳು. ಫಿಟ್ಟರ್ ಒಬ್ಬರು ಕೇಳಿದರು, "ಔಷಧಿ ಸಿಕ್ಕಿದ್ರೆ ಮೊದಲು ಏನ್ ಮಾಡ್ತೀಯಮ್ಮಾ?"

"ಇವನನ್ನ ಇಲ್ಲಿ ಕೂರಿಸಿ ನಾನು ಗಾಡಿ ಓಡಿಸ್ತೀನಿ. ಗುಂಡಿ ಅಂದ್ರೆ ಏನು ಅಂತ ಆಗ ಗೊತ್ತಾಗುತ್ತೆ."

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಜನ ಚದುರಿದ ಮೇಲೆ ನೂಲು ಸುತ್ತುವ ಹೆಂಗಸೊಬ್ಬರು ಅವಳ ಹತ್ತಿರ ಬಂದರು. "ನನ್ನ ಮಗಳಿಗೂ ಇದೇ ಕಾಯಿಲೆ. ಜನ ನೋಡ್ತಾರೆ ಅಂತ ಎರಡು ವರ್ಷದಿಂದ ಹೊಸ್ತಿಲು ದಾಟಿಲ್ಲ. ನಾಳೆ ಕರ್ಕೊಂಡು ಬರ್ಲಾ?"

"ನೋಡಿದ್ರೆ ನೋಡ್ಲಿ ಬಿಡಿ, ಕರ್ಕೊಂಡು ಬನ್ನಿ," ಎಂದಳು ತಂಗಿ, ನನ್ನನ್ನು ಕೇಳದೆಯೇ.

ನಾಳೆ ಬೆಳಿಗ್ಗೆ ಆರಕ್ಕೆ ಇಲ್ಲಿಂದ ಹೊರಡಬೇಕಿತ್ತು, ಈಗ ಹತ್ತಕ್ಕೆ. ಮುಂದಿನ ಊರಿನವರಿಗೆ ಫೋನ್ ಮಾಡಿದ್ದಾಯಿತು. ಆ ಹುಡುಗಿಯನ್ನು ಸೈಡ್‌ಕಾರಿನಲ್ಲಿ ಕೂರಿಸಿ ಅಂಗಳದಲ್ಲಿ ಒಂದು ಸುತ್ತು ಹಾಕಿಸಬೇಕಂತೆ, ತಂಗಿಯ ಅಪ್ಪಣೆ. ಅಂಗಳದಲ್ಲೇ ಯಾಕೆ, ಆ ಹುಡುಗಿ ಹೂಂ ಅಂದರೆ ಗೇಟು ದಾಟಿ ದೊಡ್ಡ ರಸ್ತೆಯ ತನಕ...