ಕಾಸಿದ ಪ್ಲೇಟು

ತಂಬ್ರಹಳ್ಳಿ
ಆಗಸ್ಟ್ ೧೪, ೨೦೨೪

ಕೋಮಲಾ,

ಮೊದಲು ಬೈಸಿಕೊ, ಕುಶಲ ಆಮೇಲೆ ಕೇಳುತ್ತೇನೆ. ಹಡಗಲಿಯಿಂದ ತಂಬ್ರಹಳ್ಳಿ ಏನು ಸಮುದ್ರದಾಚೆ ಇದೆಯೇನೇ? ಬ್ಯಾಂಕಿನಲ್ಲಿ ಕೂತು ದಿನವಿಡೀ ಊರ ಮಂದಿಯ ಕೈಯಲ್ಲಿ ಸಹಿ ಹಾಕಿಸುತ್ತೀ, ಅಜ್ಜಿಗೆ ಎರಡು ಸಾಲು ಬರೆಯಲು ಮಾತ್ರ ನಿನ್ನ ಪೆನ್ನಿಗೆ ಮಸಿ ಇಲ್ಲ. ಸಿಟ್ಟು ಅಪ್ಪನ ಮೇಲಿದ್ದರೆ ಅಪ್ಪನ ಮೇಲೆ ಇಟ್ಟುಕೊ. ಮೂರು ತಿಂಗಳಿಂದ ಮನೆಗೆ ಬರದೆ ನನಗೂ ಅದರಲ್ಲಿ ಪಾಲು ಕೊಡಬೇಡ. ಇನ್ನೊಂದು ಮಾತು, ಈ ಕಾಗದವನ್ನು ಉಣ್ಣುತ್ತಾ ಓದಬೇಡ. ಕೈ ತೊಳೆದುಕೊಂಡು ಬಾ.

ಬಂದೆಯಾ? ಕೂತುಕೊ. ಮೈಯಲ್ಲಿ ಹುಷಾರಾಗಿದ್ದೀಯಾ? ಹೋಟೆಲಿನ ಊಟ ಕಡಿಮೆ ಮಾಡಿದ್ದೀಯಾ?

ತಡ ನನ್ನಿಂದಲೂ ಆಗಿದೆ, ಒಪ್ಪುತ್ತೇನೆ. ರೂಮಿನಲ್ಲಿ ಜಾಗ ಇಲ್ಲವೆಂದು ನಿನ್ನ ಹಾಡಿನ ಮೆಷಿನ್ನು, ಐದು ಪ್ಲೇಟು ನನ್ನ ಹತ್ತಿರ ಬಿಟ್ಟು, ಕೇಳಿ ಒಂದೊಂದರ ಬಗ್ಗೆ ಅನಿಸಿದ್ದು ಬರೆ ಅಜ್ಜಿ ಎಂದು ಹೋಗಿದ್ದೆ. ಜೂನ್ ತಿಂಗಳಲ್ಲೇ ಎಲ್ಲ ಕೇಳಿ ಮುಗಿಸಿದೆ. ಬರೆಯದಿರಲು ಬೇರೆ ಕಾರಣ ಇದೆ, ಹೇಳುತ್ತೇನೆ, ಅವಸರ ಮಾಡಬೇಡ. ಫೋನಿನಲ್ಲಿ ಹೇಳುವಂಥದ್ದಲ್ಲ. ನಾನು ಫೋನು ಹಿಡಿದರೆ ನಿಮ್ಮಪ್ಪ ಭೀಮರಾಜ ಬಸ್ಸಿನ ಡ್ಯೂಟಿ ಮುಗಿಸಿ ಬಂದವನು ಪಕ್ಕದಲ್ಲೇ ಕೂತು ಬೂಟಿನ ದಾರ ಬಿಚ್ಚುತ್ತಾನೆ. ಆ ದಾರ ಬಿಚ್ಚಿ ಮುಗಿಯುವುದೇ ಇಲ್ಲ.

ಈಗ ಪ್ಲೇಟಿನ ವಿಚಾರ. ಇಂಗ್ಲಿಷಿನ ಹೆಸರು ಓದಲು ನನಗೆ ಬರುವುದಿಲ್ಲ, ನಾಲ್ಕನೇ ಕ್ಲಾಸಿನ ಕನ್ನಡ ನನ್ನದು. ಮೇಲಿನ ಚಿತ್ರ ನೋಡಿ ಗುರುತು ಹೇಳುತ್ತೇನೆ.

ತಲೆಗೆ ಎಣ್ಣೆ ಕಾಣದ ನಾಲ್ವರು ಗೋಡೆಗೆ ಒರಗಿ ನಿಂತಿದ್ದಾರಲ್ಲ, ಅದು ರಾಕ್ ಎಂದಿದ್ದೆ ನೀನು. ಮೊದಲ ಹಾಡಿಗೆ ನಮ್ಮ ಕೋಳಿಗಳು ಅಟ್ಟ ಹತ್ತಿದವು. ಗಿಟಾರು ಹಿಟ್ಟಿನ ಗಿರಣಿಯ ಬೆಲ್ಟು ಜಾರಿದ ಹಾಗೆ ಕಿರುಚುತ್ತದೆ. ಇವರನ್ನು ಹೆತ್ತವರು ಯಾರೋ ಅಂದುಕೊಂಡೆ. ಆದರೆ ಮೂರನೆಯ ಹಾಡಿನಲ್ಲಿ ಕೂಗುವವನು ಕೂಗಿ ಕೂಗಿ ದಣಿದು, ಕೊನೆಗೆ ಸಣ್ಣ ದನಿಯಲ್ಲಿ ಏನೋ ಕೇಳುತ್ತಾನೆ. ಏನು ಕೇಳಿದನೋ ತಿಳಿಯದು, ಕೊಟ್ಟುಬಿಡಬೇಕು ಅನಿಸಿತು. ಆ ಒಂದು ಹಾಡಿಗಾಗಿ ಉಳಿದ ಗದ್ದಲ ಮಾಫಿ.

ಕುದುರೆಯ ಚಿತ್ರದ ಇನ್ನೊಂದು ರಾಕ್ ಪ್ಲೇಟು ನನಗೆ ಬೇಡ. ಅದರಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಗ್ರಾಮಸಭೆ.

ಹೆಂಗಸು ಹಾಡಿದ್ದು ಇದೆಯಲ್ಲ, ಕಿಟಕಿಯ ಹತ್ತಿರ ನಿಂತವಳು, ಅವಳ ದನಿ ಈಗಷ್ಟೇ ನಿದ್ದೆಯಿಂದ ಎದ್ದು ಇನ್ನೂ ಮುಖ ತೊಳೆಯದವರದು. ಅದನ್ನು ಮಧ್ಯಾಹ್ನ ಹಾಕುತ್ತಿದ್ದೆ. ನಿಮ್ಮವ್ವ ಶಿವಗಂಗಾ ಅಂಗನವಾಡಿಯಲ್ಲಿ ಇರುತ್ತಾಳೆ, ಮನೆಯಲ್ಲಿ ನಾನು, ಗೋಡೆಯ ಮೇಲೆ ಬುದ್ಧ, ಇಬ್ಬರೇ. ಹಿನ್ನೀರಿನ ಗಾಳಿ ಒಳಗೆ ಬಂದು ಹೊರಗೆ ಹೋಗುತ್ತದೆ. ಅವಳು ಹಾಡುತ್ತಾಳೆ, ನಾನು ಅರ್ಧ ಕಣ್ಣು ಮುಚ್ಚುತ್ತೇನೆ, ನಮ್ಮ ಅಂಗಳ ಮೆಲ್ಲಗೆ ನೀರಿನ ಮೇಲೆ ತೇಲಿಕೊಂಡು ಹೊರಟ ಹಾಗೆ ಆಗುತ್ತದೆ. ನೀರಿನ ತಳದಲ್ಲಿ ಮುಳುಗಿದ ಹಳೆಯ ಹೊಲಗಳ ಬದು ಕಾಣುತ್ತದೆ, ಬದುವಿನ ಮೇಲೆ ನನ್ನ ತಂಗಿ ಬುತ್ತಿ ಹೊತ್ತು ನಡೆಯುತ್ತಾಳೆ. ಪ್ಲೇಟು ನಿಂತ ಮೇಲೂ ಸ್ವಲ್ಪ ಹೊತ್ತು ನಾನು ದಡಕ್ಕೆ ಬರುವುದಿಲ್ಲ.

ಬಾಗಿದ ಹಿತ್ತಾಳೆಯ ಕೊಳವೆ ಊದುವವನು ಜಾಣ. ತಾನು ಊದಿ ಸಾಕಾದಾಗ ಪಕ್ಕದವನಿಗೆ ಬಿಟ್ಟುಕೊಟ್ಟು ಸುಮ್ಮನಾಗುತ್ತಾನೆ. ಒಬ್ಬ ಹೇಳುವಾಗ ಉಳಿದವರು ಹ್ಞೂಂ, ಹ್ಞೂಂ ಅನ್ನುತ್ತಾರೆ. ಜಾಜ್ ಅಂದರೆ ಇದೇ ಆಗಿದ್ದರೆ ನನಗೆ ಒಪ್ಪಿಗೆ.

ಐದನೆಯದು ಹಸಿರು ಹೊದಿಕೆಯದು. ನೀನು ಒಂದು ವರ್ಷ ಹುಡುಕಿ ತರಿಸಿದ್ದು. ಅದರಲ್ಲಿ ಡ್ರಮ್ಮಿನವನು ಕೋಲು ಬಿಟ್ಟು ಕುಂಚದಂಥದ್ದರಲ್ಲಿ ಸವರುತ್ತಾನೆ, ಮೊರದಲ್ಲಿ ಜೋಳ ಕೇರಿದ ಹಾಗೆ. ಸವರುತ್ತಾ ಸವರುತ್ತಾ ನಡುವೆ ಒಂದು ಪೆಟ್ಟು ತಡೆದು ಹಾಕುತ್ತಾನೆ. ಆ ತಡೆ ನಿಮ್ಮಜ್ಜನದು, ಕೋಮಲಾ. ಹಲಗೆ ಬಾರಿಸುವಾಗ ಕಾಯಿಸಿ ಕಾಯಿಸಿ, ಇನ್ನು ಬರುವುದಿಲ್ಲ ಅಂದುಕೊಂಡಾಗ ಹಾಕುತ್ತಿದ್ದ. ಆ ಪ್ಲೇಟನ್ನು ದಿನಾ ಕೇಳಿದೆ. ಕೇಳುವಾಗ ಗೋಡೆಯಾಚೆ ಆತ ಕೂತಿದ್ದಾನೆ, ಎದ್ದು ಹೋಗಿ ನೋಡಿದರೆ ಹೋಗಿಬಿಡುತ್ತಾನೆ ಅನಿಸಿ ಎದ್ದು ನೋಡುತ್ತಿರಲಿಲ್ಲ.

ಈಗ ಹೇಳುತ್ತೇನೆ, ಉಸಿರು ಹಿಡಿದುಕೊ. ಆ ಪ್ಲೇಟು ಹಾಳಾಗಿದೆ. ಹಾಳು ಮಾಡಿದವಳು ನಾನು.

ಜುಲೈನಲ್ಲಿ ಒಂದು ವಾರ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತು. ಗೋಡೆಯೆಲ್ಲ ತಣ್ಣಗೆ. ಪ್ಲೇಟು ಹಾಕಿದರೆ ಪೆಟ್ಟಿನ ದನಿ ಇಳಿದಿತ್ತು, ಒದ್ದೆ ಚೀಲ ಬಡಿದ ಹಾಗೆ. ಮಳೆಗಾಲದಲ್ಲಿ ಹಲಗೆಯ ದನಿ ಇಳಿದರೆ ಏನು ಮಾಡುತ್ತಾರೆ? ಬೆಂಕಿಗೆ ಕಾಸುತ್ತಾರೆ. ತೊಗಲು ಬಿಗಿಯಾಗಿ ದನಿ ಏರುತ್ತದೆ. ನಿಮ್ಮಜ್ಜ ಬಾರಿಸಲು ಹೊರಡುವ ಮೊದಲು ಕಾಸಿಕೊಡುತ್ತಿದ್ದವಳು ನಾನೇ, ಬಿಸಿ ಎಷ್ಟಾಗಬೇಕೆಂದು ನನ್ನ ಅಂಗೈಗೆ ಗೊತ್ತು. ಜೋಳದ ಸೊಪ್ಪೆ ಉರಿಸಿ, ಪ್ಲೇಟನ್ನು ಮೊಳ ದೂರ ಹಿಡಿದು, ಹದವಾಗಿ ತಿರುಗಿಸಿದೆ. ಹಪ್ಪಳದ ಹಾಗೆ ಮುದುಡಿಕೊಂಡಿತು.

ಹಗರಿಬೊಮ್ಮನಹಳ್ಳಿಗೆ ಒಯ್ದು, ಮೆಷಿನ್ನು ರಿಪೇರಿ ಮಾಡಿಕೊಟ್ಟ ಮಸ್ತಾನಸಾಬನಿಗೆ ತೋರಿಸಿದೆ. ಅವನು ಅದನ್ನು ಹಿಂದೆ ಮುಂದೆ ನೋಡಿ, "ಮಾಳಮ್ಮಕ್ಕ, ಹುಲುಗಣ್ಣನ ಹಲಗಿ ಅಂತ ತಿಳಕೊಂಡ್ರೇನ್ರಿ? ಇದು ಪ್ಲಾಸ್ಟಿಕ್ ಐತ್ರಿ" ಎಂದು ನಿಮ್ಮಜ್ಜನ ಹೆಸರು ಹಿಡಿದೇ ಅಂದ. ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿ ಚಹಾ ತರಿಸಿದ. ಇದು ಸರಿಹೋಗುವುದಿಲ್ಲವಂತೆ.

ಮನೆಯಲ್ಲಿ ಬಚ್ಚಿಡುವ ಮೊದಲೇ ಅದು ನಿಮ್ಮಪ್ಪನ ಕಣ್ಣಿಗೆ ಬಿತ್ತು. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಯಾಕ ಕಾಸಿದಿ ಯವ್ವಾ?"

"ದನಿ ಇಳಿದಿತ್ತು."

"ಅಪ್ಪಂದು ಕಾಸ್ತಿದ್ದೆಲ್ಲ, ಹಂಗಾ?"

"ಹಂಗಾ."

ಪ್ಲೇಟು ತೊಡೆಯ ಮೇಲಿಟ್ಟುಕೊಂಡು ಕೂತ. ಮೇ ತಿಂಗಳಲ್ಲಿ ಹೊಸಪೇಟೆಯ ತಂಡದವರು ಡ್ರಮ್ ಬಾರಿಸಲು ಕರೆದಿದ್ದಾರೆಂದು ನೀನು ಹೇಳಿದ್ದಕ್ಕೆ, ಈ ಮನೆಯಲ್ಲಿ ಇನ್ನು ಯಾರೂ ಬಾರಿಸಬಾರದು ಎಂದು ಅವನು ಅಂದದ್ದು, ನೀನು ತಾಟು ಬಿಟ್ಟು ಎದ್ದದ್ದು, ಹೋಗುವಾಗ ಅಪ್ಪನಿಗೆ ನೀನೇ ಹೇಳು ಎಂದು ನನ್ನ ಕಿವಿಯಲ್ಲಿ ಅಂದದ್ದು, ಎಲ್ಲ ಬಾಯಿಗೆ ಬಂದಿತ್ತು. ನಾನು ತೆಗೆಯುವ ಮೊದಲು ಅವನೇ ತೆಗೆದ. ಚಿಕ್ಕವನಿದ್ದಾಗ ಹೆಣದ ಮುಂದೆ ಹಲಗೆ ಬಾರಿಸುತ್ತಾ ಅಪ್ಪ, ಅಪ್ಪನ ಹಿಂದೆ ತಾನು, ದಾರಿಯ ಅಂಚಿನಲ್ಲಿ ತನ್ನ ಸಾಲೆಯ ಹುಡುಗರು ನಿಂತು ನೋಡುತ್ತಿದ್ದರಂತೆ. ಇದನ್ನು ಅವನು ಇಷ್ಟು ವರ್ಷ ನನಗೆ ಹೇಳಿರಲಿಲ್ಲ.

"ಅಪ್ಪ ತಾನಾ ಬಿಟ್ಟದ್ದನ್ನ ನನ್ನ ಮಗಳು ಮತ್ತ ಎತ್ತಿಕ್ಯಬೇಕಾ?" ಎಂದ.

"ನಿಮ್ಮಪ್ಪಗ ಒಲ್ಲೆ ಅನ್ನಾಕ ಬರತಿದ್ದಿಲ್ಲ. ಕರದ್ರ ಹೋಗಾಕಬೇಕಿತ್ತು. ಇಕಿಗೆ ಒಲ್ಲೆ ಅನ್ನಾಕ ಬರತೈತಿ. ಬಂದ್ರೂ ಹೊಕ್ಕೀನಿ ಅಂತಾಳ. ಎರಡೂ ಒಂದಾ ಏನೋ?"

ಅವನು ಹಸಿರು ಹೊದಿಕೆಯ ಮೇಲಿನ ಡ್ರಮ್ಮಿನವನನ್ನು ಬಹಳ ಹೊತ್ತು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಬಾರಿಸುವಾಗ ಇವ್ರು ಕುರ್ಚಿ ಮ್ಯಾಲೆ ಕುಂದರ್ತಾರಾ?" ಎಂದ.

"ಕುಂತಾನ ನೋಡು, ಎಲ್ರಿಗಿಂತ ಎತ್ತರಕ್ಕ."

ಎದ್ದು ಮುಖ ತೊಳೆಯಲು ಹೋದ. ಹ್ಞೂಂ ಅಂದಿಲ್ಲ. ಆದರೆ ಮೇ ತಿಂಗಳಲ್ಲಿ ಅಂದದ್ದನ್ನು ಮತ್ತೆ ಅಂದಿಲ್ಲ. ನಿನ್ನೆ ನಿಮ್ಮವ್ವನನ್ನು, ಆ ತಂಡದವರಲ್ಲಿ ಬೇರೆ ಹೆಣ್ಣುಮಕ್ಕಳೂ ಇದ್ದಾರೇನು ಎಂದು ಕೇಳಿದನಂತೆ.

ಪ್ಲೇಟಿನ ತಪ್ಪಿಗೆ ನನ್ನನ್ನು ಎಷ್ಟು ಬೇಕಾದರೂ ಬೈ, ಕೇಳಿಸಿಕೊಳ್ಳುತ್ತೇನೆ. ನಿನ್ನ ಕೈಗಳು ತಣ್ಣಗಿರಲಿ, ನಿನ್ನ ನಿದ್ದೆ ಗಟ್ಟಿಯಾಗಿರಲಿ, ನಿನ್ನನ್ನು ಯಾರೂ ನಿಂತಲ್ಲೇ ನಿಲ್ಲಿಸದಿರಲಿ.

ನಿನ್ನ ಅಜ್ಜಿ,
ಮಾಳಮ್ಮ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ನಿಮ್ಮಜ್ಜ ಹಲಗೆಯನ್ನು ತಾನಾಗಿ ಬಿಡಲಿಲ್ಲ. ಭೀಮರಾಜನಿಗೆ ಕಂಡಕ್ಟರ್ ನೌಕರಿಯ ಆರ್ಡರು ಬಂದ ದಿನ, ನಿಮ್ಮಜ್ಜ ಹೊಲಕ್ಕೆ ಹೋದಾಗ, ಅದನ್ನು ನೀರೊಲೆಗೆ ಹಾಕಿದವಳು ನಾನು. ಕಂಡಕ್ಟರನ ಅಪ್ಪ ಹೆಣದ ಮುಂದೆ ಬಾರಿಸುತ್ತಾನೆ ಎಂದು ಯಾರೂ ಅನ್ನಬಾರದೆಂದು. ತೊಗಲು ಸುಟ್ಟ ವಾಸನೆ ತಿಳಿಯದಿರಲೆಂದು ಮೇಲೆ ಬೇವಿನ ಸೊಪ್ಪು ಒಟ್ಟಿದೆ. ಆತ ಬಂದ. ಗೋಡೆಯ ಖಾಲಿ ಗೂಟ ನೋಡಿದ, ಒಲೆ ನೋಡಿದ. ಅದೇ ನೀರಿನಲ್ಲಿ ಸ್ನಾನ ಮಾಡಿ, "ನೀರು ಚಲೋ ಕಾದಾವು ಮಾಳಿ" ಎಂದ. ಆಮೇಲೆ ಹನ್ನೊಂದು ವರ್ಷ ಬದುಕಿದ. ನಾನು ಹೇಳಲಿಲ್ಲ. ಆತ ಚಂದ ಬಾರಿಸುತ್ತಿದ್ದ ಎಂಬುದನ್ನೂ ಹೇಳಲಿಲ್ಲ.

ಇದು ನಿಮ್ಮಪ್ಪನಿಗೆ ಗೊತ್ತಿಲ್ಲ. ಅಪ್ಪನೇ ಬಿಟ್ಟದ್ದು ಎಂದು ನಂಬಿಕೊಂಡು ನಿನ್ನನ್ನು ತಡೆಯುತ್ತಿದ್ದಾನೆ. ಅವನಿಗೆ ಹೇಳಬೇಕು, ಒಬ್ಬಳಿಗೇ ಬಾಯಿ ಬರುತ್ತಿಲ್ಲ. ನೀನು ನನ್ನ ಪಕ್ಕದಲ್ಲಿ ಕೂತಿರಬೇಕು. ಯಾವ ಭಾನುವಾರ ಬರುತ್ತೀ ಎಂದು ಸೆಪ್ಟೆಂಬರ್ ಹುಟ್ಟುವುದರೊಳಗೆ ಬರೆ.